ಉಪ್ಪು ತಿನ್ನದ ಜೀವಾಣು

ಬೆಳವಣಕಿ ಸೀಮೆಯ ಎರೆ ಹೊಲಗಳನ್ನು ನೋಡಬೇಕಾದ್ದು ಹಿಂಗಾರಿಯಲ್ಲಿ. ಬಿಳಿಜೋಳ ಸೊಂಟದೆತ್ತರಕ್ಕೆ ಬಂದಿರುತ್ತದೆ, ಕಡಲೆ ಹೂ ಹಿಡಿದಿರುತ್ತದೆ, ಅಕ್ಕಡಿ ಸಾಲಿನ ಕುಸುಬೆ ಮುಳ್ಳು ಬಿಡಿಸಿಕೊಂಡು ಕಾವಲಿಗೆ ನಿಂತಿರುತ್ತದೆ. ಅಷ್ಟು ದೊಡ್ಡ ಹಸಿರಿನ ನಡುವೆ, ತಗ್ಗು ಇದ್ದಲ್ಲಿ, ಬೋಳು ತೇಪೆಯೊಂದು ಕಂಡರೆ ಹತ್ತಿರ ಹೋಗಿ ನೋಡಿ. ಮಣ್ಣಿನ ಮೇಲೆ ಸುಣ್ಣದ ಹುಡಿ ಉದುರಿಸಿದಂಥ ಬಿಳಿ ಪದರ. ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ‘ಸವಳ ಬಿದ್ದೈತ್ರಿ’ ಅನ್ನುತ್ತಾರೆ ಇಲ್ಲಿಯವರು, ಬೆಳೆಗೆ ಹುಳ ಬಿದ್ದಿದೆ ಅನ್ನುವ ಧಾಟಿಯಲ್ಲೇ.

ಈ ನೆಲಕ್ಕೆ ಉಪ್ಪು ಹೊಸ ನೆಂಟನಲ್ಲ. ಸವಳು ಮಣ್ಣನ್ನು ನೀರಿನಲ್ಲಿ ಕದಡಿ, ಬಸಿದು, ಆ ನೀರನ್ನು ಬಿಸಿಲಿಗಿಟ್ಟು ಉಪ್ಪು ತೆಗೆಯುವುದು ಉಪ್ಪಾರರ ಹಳೆಯ ಕಸುಬು. ಅವರ ಹೆಸರಿನಲ್ಲೇ ಆ ಉಪ್ಪು ಉಳಿದುಕೊಂಡಿದೆ. ಬೆಣ್ಣೆಹಳ್ಳಕ್ಕೆ ಹೆಸರು ಬೆಣ್ಣೆಯದಾದರೂ ಬೇಸಿಗೆಯ ನೀರು ಸವಳು. ಅದು ಎರೆ ನಾಡನ್ನೆಲ್ಲ ತೊಳೆದುಕೊಂಡು ರೋಣ ತಾಲ್ಲೂಕಿನ ಮೆಣಸಗಿ ಬಳಿ ಮಲಪ್ರಭೆಯನ್ನು ಸೇರುತ್ತದೆ. ಹೊಸದಾಗಿ ಬಂದದ್ದು ಕಾಲುವೆ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಮುಗಿದು ನವಲಗುಂದ, ನರಗುಂದ, ರೋಣದ ಕಡೆಗೆ ನೀರು ಹರಿಯಿತು. ಎರೆ ಮಣ್ಣು ಜಿಗುಟು. ನೀರನ್ನು ಕುಡಿದು ಉಬ್ಬುತ್ತದೆಯೇ ಹೊರತು ಕೆಳಕ್ಕೆ ಬೇಗ ಬಿಟ್ಟುಕೊಡುವುದಿಲ್ಲ. ಅಂಥ ನೆಲದಲ್ಲಿ ನೀರು ನಿಂತರೆ ಒಳಗಿನ ಜಲಮಟ್ಟ ಮೇಲೇರುತ್ತದೆ, ಆಳದಲ್ಲಿ ಮಲಗಿದ್ದ ಉಪ್ಪನ್ನೂ ಜೊತೆಗೆ ಕರೆತರುತ್ತದೆ. ಬಿಸಿಲು ನೀರನ್ನಷ್ಟೇ ಒಯ್ದು ಉಪ್ಪನ್ನು ಇಲ್ಲೇ ಬಿಡುತ್ತದೆ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯವನ್ನು ನಾವು ಅಭಿವೃದ್ಧಿ ಕರದ ವಿರುದ್ಧದ ಹೋರಾಟವೆಂದೇ ನೆನೆಯುತ್ತೇವೆ. ಸರಿಯೇ. ಆದರೆ ನೀರು ತಲುಪದ ಹೊಲಕ್ಕೂ ಕರ, ನೀರು ಹೆಚ್ಚಾಗಿ ಜವಳು ಹಿಡಿದ ಹೊಲಕ್ಕೂ ಕರ ಎಂಬ ಸಂಕಟವೂ ಆ ಸಿಟ್ಟಿನೊಳಗೆ ಇತ್ತು.

ಮದ್ದು ಗೊತ್ತಿಲ್ಲದ್ದೇನಲ್ಲ. ಬಸಿಗಾಲುವೆ ತೋಡಬೇಕು, ಸೋಡಿಯಂ ಅಂಟಿಕೊಂಡ ಮಣ್ಣಿಗೆ ಜಿಪ್ಸಂ ಹಾಕಿ ನೀರು ಕಟ್ಟಿ ತೊಳೆಯಬೇಕು, ಸೆಣಬು ಬಿತ್ತಿ ಹಸಿರೆಲೆ ಗೊಬ್ಬರ ಮಾಡಬೇಕು. ಇದೆಲ್ಲ ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ನನ್ನ ಹೊಲದ ಬಸಿ ನೀರು ನಿಮ್ಮ ಹೊಲಕ್ಕೇ ಹೋಗುತ್ತದೆ, ಜಗಳ ಅಲ್ಲಿಂದ ಶುರು. ಹಾಗಾಗಿ ನೆಲ ಸರಿಹೋಗುವ ತನಕ ಗಿಡವನ್ನಾದರೂ ಗಟ್ಟಿ ಮಾಡಬಹುದೇ ಎಂಬ ಪ್ರಶ್ನೆ ಹುಟ್ಟಿತು. ಅದಕ್ಕೆ ಸಿಕ್ಕ ಉತ್ತರಗಳಲ್ಲೊಂದು ಬೇರಿನ ಮೈಗೆ ಅಂಟಿಕೊಂಡು ಬದುಕುವ ಜೀವಾಣು. ಅದು ಸಿಕ್ಕಿದ ಬಗೆ ಮಾತ್ರ ವಿಚಿತ್ರ. ಹುಡುಕಿದವರಲ್ಲಿ ಹೆಚ್ಚಿನವರು ಉಪ್ಪನ್ನು ಹುಡುಕುತ್ತಲೇ ಇರಲಿಲ್ಲ.

ಕತೆ ತೊಡಗುವುದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಒಂದು ಪ್ರಯೋಗಾಲಯದ ಗ್ಯಾಸ್ ದೀಪದಿಂದ. ಡಿಮಿಟ್ರಿ ನೆಲ್ಯುಬೊವ್ ಎಂಬ ಯುವಕ ಕತ್ತಲಲ್ಲಿ ಬಟಾಣಿ ಸಸಿ ಬೆಳೆಸುತ್ತಿದ್ದ. ಒಳಗಿನ ಸಸಿಗಳು ಕುಳ್ಳಾಗಿ, ದಪ್ಪಗಾಗಿ, ಮೇಲಕ್ಕೇಳುವುದನ್ನು ಬಿಟ್ಟು ಅಡ್ಡಡ್ಡ ಬೆಳೆಯುತ್ತಿದ್ದವು. ಹೊರಗಿನ ಗಾಳಿ ಕೊಟ್ಟರೆ ನೆಟ್ಟಗೆ. ದೀಪದ ಗ್ಯಾಸ್ ಸೋರಿ ಗಾಳಿಗೆ ಸೇರುತ್ತಿದ್ದುದೇ ಕಾರಣವೆಂದೂ, ಆ ಗ್ಯಾಸಿನೊಳಗಿನ ಎಥಿಲೀನ್ ಈ ಕೆಲಸ ಮಾಡುತ್ತಿದೆಯೆಂದೂ 1901ರಲ್ಲಿ ಅವನು ತೋರಿಸಿದ. 1934ರಲ್ಲಿ ಇಂಗ್ಲೆಂಡಿನ ರಿಚರ್ಡ್ ಗೇನ್ ಇನ್ನೊಂದು ಮಾತು ಸೇರಿಸಿದ: ಮಾಗುವ ಸೇಬು ತಾನೇ ಎಥಿಲೀನ್ ಬಿಡುತ್ತದೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವ ನಮ್ಮ ಮನೆಗಳಲ್ಲಿ ಈ ಗಾಳಿಯ ಹೆಸರು ಗೊತ್ತಿಲ್ಲದಿದ್ದರೂ ಗುಣ ಗೊತ್ತಿತ್ತು. ಒಂದು ಹಣ್ಣು ಮಾಗಿದರೆ ಪಕ್ಕದ್ದೂ ಮಾಗುತ್ತದೆ.

ಎಥಿಲೀನ್ ಹಣ್ಣು ಮಾಡುವುದಷ್ಟೇ ಅಲ್ಲ. ಗಿಡಕ್ಕೆ ಪೆಟ್ಟು ಬಿದ್ದರೆ, ಬರ ಬಂದರೆ, ಬೇರು ನೀರಲ್ಲಿ ಮುಳುಗಿದರೆ, ಉಪ್ಪು ತಾಗಿದರೆ ಗಿಡ ಎಥಿಲೀನನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಅದು ಊರಿಗೆ ಸಾರುವ ಡಂಗುರದ ಹಾಗೆ. ಸದ್ದು ಕೇಳಿದ ಬೇರು ಬೆಳೆಯುವುದನ್ನು ನಿಲ್ಲಿಸುತ್ತದೆ, ಹಳೆಯ ಎಲೆ ಹಳದಿಯಾಗಿ ಉದುರುತ್ತದೆ. ಅಪಾಯ ಸಣ್ಣದಿದ್ದಾಗ ಈ ಡಂಗುರ ಗಿಡವನ್ನು ಉಳಿಸುತ್ತದೆ. ಅಪಾಯ ತಿಂಗಳುಗಟ್ಟಲೆ ಮುಂದುವರಿದರೆ ಡಂಗುರವೇ ಗಿಡವನ್ನು ಸೊರಗಿಸುತ್ತದೆ. ಸವಳು ನೆಲದ ಪೈರನ್ನು ಉಪ್ಪು ಹೊಡೆಯುತ್ತದೆ ನಿಜ. ಅದು ಮಣ್ಣಿನ ನೀರನ್ನು ತಾನೇ ಬಿಗಿಹಿಡಿಯುತ್ತದೆ, ‘ಹಸಿ ಐತಿ, ಆದ್ರೂ ಬೆಳಿ ಬಾಡತೈತಿ’ ಎಂದು ರೈತರು ಹೇಳುವುದು ಇದನ್ನೇ. ಒಳಹೊಕ್ಕ ಸೋಡಿಯಂ ಬೇರೆ ವಿಷವಾಗುತ್ತದೆ. ಇವೆರಡರ ಮೇಲೆ ಗಿಡ ತನ್ನ ಗಾಬರಿಯಿಂದಲೇ ಮಾಡಿಕೊಳ್ಳುವ ಹಾನಿ ಮೂರನೆಯದು. ನಮ್ಮ ಜೀವಾಣುವಿಗೆ ಜಾಗ ಸಿಕ್ಕಿದ್ದು ಈ ಮೂರನೆಯದರಲ್ಲಿ.

ಗಿಡ ಎಥಿಲೀನನ್ನು ಯಾವುದರಿಂದ ಮಾಡುತ್ತದೆ? ಅದರ ಕಚ್ಚಾ ವಸ್ತು 1957ರಲ್ಲೇ ಸಿಕ್ಕಿತ್ತು. ಪೇರ್ ಹಣ್ಣಿನ, ಸೇಬಿನ ರಸದಲ್ಲಿ ಕಂಡ ಒಂದು ಸಣ್ಣ ಅಮೈನೋ ಆಮ್ಲ ಅದು, ಮೂರು ಇಂಗಾಲ ಕೈಕೈ ಹಿಡಿದು ಉಂಗುರ ಕಟ್ಟಿಕೊಂಡದ್ದು. ಉದ್ದ ಹೆಸರು ಬಿಟ್ಟು ಎಸಿಸಿ ಎನ್ನೋಣ. ಅದು ಹಣ್ಣಿನಲ್ಲಿ ಏಕಿದೆ ಎಂದು ಯಾರಿಗೂ ತಿಳಿದಿರಲಿಲ್ಲ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದಲ್ಲಿ ಹೊನ್ಮಾ ಮತ್ತು ಶಿಮೊಮುರಾ, ಈ ವಿಚಿತ್ರ ಉಂಗುರವನ್ನು ಒಡೆದು ತಿನ್ನಬಲ್ಲ ಸ್ಯೂಡೊಮೊನಾಸ್ ಜೀವಾಣುವೊಂದನ್ನು ಕಂಡರು. ಒಡೆಯುವ ಕಿಣ್ವದ ಹೆಸರು ಎಸಿಸಿ ಡಿಅಮಿನೇಸ್. ಎಸಿಸಿಯನ್ನು ಸೀಳಿ ಒಂದು ಕಡೆ ಅಮೋನಿಯ, ಇನ್ನೊಂದು ಕಡೆ ಕೀಟೋಬ್ಯುಟಿರೇಟ್ ಮಾಡುತ್ತದೆ, ಎರಡೂ ಜೀವಾಣುವಿಗೆ ಊಟ. ಅವರ ಲೇಖನ ಅಚ್ಚಾದದ್ದು 1978ರಲ್ಲಿ. ಮರುವರ್ಷ, 1979ರಲ್ಲಿ, ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಆಡಮ್ಸ್ ಮತ್ತು ಶಾಂಗ್ ಫಾ ಯಾಂಗ್ ಸೇಬಿನ ತುಣುಕುಗಳ ಮೇಲೆ ಪ್ರಯೋಗ ಮಾಡಿ, ಗಿಡ ಎಥಿಲೀನ್ ಮಾಡುವುದು ಇದೇ ಎಸಿಸಿಯಿಂದ ಎಂದು ಸಾಧಿಸಿದರು. ಬೀಗ ಯಾವುದೆಂದು ತಿಳಿಯುವ ಮುನ್ನವೇ ಕೀಲಿ ಕೈಗೆ ಬಂದಿತ್ತು. ಎರಡನ್ನೂ ಒಟ್ಟಿಗೆ ಹಿಡಿದು ನೋಡಲು ಇನ್ನೂ ಹದಿನೈದು ವರ್ಷ ಬೇಕಾಯಿತು. ವಿಜ್ಞಾನದ ಕತೆ ಹೇಳುವವರು ಇಂಥ ಸುಮ್ಮನಿದ್ದ ವರ್ಷಗಳನ್ನು ಹಾರಿಸಿಬಿಡುತ್ತಾರೆ. ನನಗೆ ಆ ವರ್ಷಗಳೇ ಹೆಚ್ಚು ಕಾಡುತ್ತವೆ.

ಮುಂದಿನ ಕೊಂಡಿ ಸಿಕ್ಕಿದ್ದು ಹಿಮದ ನಾಡಿನಲ್ಲಿ. ಕೆನಡಾದ ಉತ್ತರ ತುದಿಯ ಚಳಿ ಬಯಲಿನ ಗಿಡಗಳ ಬೇರುಗಳಿಂದ ಲಿಫ್‌ಶಿಟ್ಜ್, ಕ್ಲೋಪರ್ ಮತ್ತು ಜೊತೆಗಾರರು ಕೆಲವು ಜೀವಾಣುಗಳನ್ನು ತಂದರು. 1986ರಲ್ಲಿ ವರದಿ ಬಂತು. ಅವರಿಗೆ ಬೇಕಾಗಿದ್ದುದು ಚಳಿಯಲ್ಲೂ ಗಾಳಿಯ ಸಾರಜನಕ ಹಿಡಿಯುವ ಜೀವಾಣು. ಕಡಲೆ ಗಿಡ ಕಿತ್ತಾಗ ಬೇರಿನಲ್ಲಿ ಕಾಣುವ ಗಂಟುಗಳೊಳಗೆ ರೈಜೋಬಿಯಂ ಮಾಡುವುದು ಅದೇ ಕೆಲಸ. ಜಿಆರ್12-2 ಎಂಬ ತಳಿಯನ್ನು ಸಾಸಿವೆಯ ಬಳಗದ ಕ್ಯಾನೋಲಾ ಬೀಜಕ್ಕೆ ಸವರಿದಾಗ ಎಳೆ ಬೇರು ಸರಸರನೆ ಉದ್ದವಾಯಿತು. ಸಾರಜನಕ ಸಿಕ್ಕಿತು, ಬೇರು ಬೆಳೆಯಿತು ಎಂದು ಅಲ್ಲಿಗೆ ಮುಗಿಸಬಹುದಿತ್ತು. ಮುಗಿಸಲಿಲ್ಲ. ಸಾರಜನಕ ಹಿಡಿಯುವ ಶಕ್ತಿ ಕಳೆದುಕೊಂಡ ತಳಿಯನ್ನು ಸವರಿ ನೋಡಿದರು. ಬೇರು ಆಗಲೂ ಉದ್ದವಾಯಿತು. ಹಾಗಾದರೆ ಬೇರೆ ಏನೋ ನಡೆಯುತ್ತಿದೆ.

ಆ ‘ಏನೋ’ವನ್ನು ಹಿಡಿದವರು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಬರ್ನಾರ್ಡ್ ಗ್ಲಿಕ್ ಮತ್ತು ಸಂಗಡಿಗರು. ಜಪಾನೀಯರು ಕಂಡಿದ್ದ ಕಿಣ್ವ ಈ ಜೀವಾಣುವಿನಲ್ಲೂ ಇತ್ತು. ಅದೊಂದನ್ನು ಮಾತ್ರ ಕೆಡಿಸಿ, ಉಳಿದದ್ದೆಲ್ಲ ಹಾಗೇ ಇರುವ ತಳಿಗಳನ್ನು ಮಾಡಿ ಕ್ಯಾನೋಲಾ ಬೀಜಕ್ಕೆ ಹಚ್ಚಿದರು. ಬೇರು ಉದ್ದವಾಗಲಿಲ್ಲ. 1994ರ ಈ ಪ್ರಯೋಗವೇ ಇಡೀ ಕತೆಯ ತಿರುವು. 1998ರಲ್ಲಿ ಗ್ಲಿಕ್ ಪೂರ್ತಿ ಚಿತ್ರ ಬಿಡಿಸಿಟ್ಟರು. ಗಿಡದ ಎಸಿಸಿಯಲ್ಲಿ ಒಂದಷ್ಟು ಬೇರಿನಿಂದ ಹೊರಕ್ಕೆ ಜಿನುಗುತ್ತದೆ. ಬೇರಿನ ಮೈಮೇಲಿರುವ ಜೀವಾಣು ಅದನ್ನು ತಿನ್ನುತ್ತದೆ. ಹೊರಗೆ ಕಡಿಮೆಯಾದಷ್ಟೂ ಒಳಗಿನದು ಜಿನುಗುತ್ತದೆ, ಒಳಗೆ ಎಥಿಲೀನ್ ಆಗಲು ಸರಕು ಸಾಲದೆ ಹೋಗುತ್ತದೆ. ಡಂಗುರದವನ ಕೈಗೆ ತಲುಪಬೇಕಾದ ಓಲೆಯನ್ನು ದಾರಿಯಲ್ಲೇ ಯಾರೋ ತಿಂದುಹಾಕಿದಂತೆ. ಜೀವಾಣುವಿಗೆ ದಾನಬುದ್ಧಿಯೇನೂ ಇಲ್ಲ, ಅದಕ್ಕೆ ಹಸಿವು. ಗಿಡಕ್ಕೆ ಅದರಿಂದ ನಿರಾಳ.

ಇಷ್ಟು ಹೊತ್ತಿಗೂ ಉಪ್ಪಿನ ಮಾತು ಬಂದಿರಲಿಲ್ಲ. ಅದನ್ನು ತಂದವರು ಇಸ್ರೇಲಿನ ಶಿಮೋನ್ ಮಾಯಕ್. ಕೊಯ್ದ ಹೂವು ಬಾಡುವುದರಲ್ಲಿ ಎಥಿಲೀನಿನ ಕೈವಾಡವನ್ನು ವರ್ಷಗಟ್ಟಲೆ ನೋಡಿದ್ದವರು ಅವರು. ದಕ್ಷಿಣ ಇಸ್ರೇಲಿನ ಅರಾವ ಮರುಭೂಮಿಯಲ್ಲಿ, ಬತ್ತಿದ ಹಳ್ಳದ ಪಾತ್ರದಲ್ಲಿ ಬೆಳೆದ ಲೈಸಿಯಂ ಎಂಬ ಮುಳ್ಳುಪೊದೆಯ ಬೇರಿನ ಸುತ್ತಲ ಮಣ್ಣಿನಿಂದ ಜೀವಾಣುಗಳನ್ನು ತೆಗೆದರು. ತೆಗೆಯುವ ಬಗೆ ಸರಳ, ಆದರೆ ಕಟ್ಟುನಿಟ್ಟು. ಬೇರಿಗಂಟಿದ ಚಿಟಿಕೆ ಮಣ್ಣಿನಲ್ಲೇ ಜೀವಾಣುಗಳು ಕೋಟಿಗಟ್ಟಲೆ. ಅದನ್ನು ಶುದ್ಧ ನೀರಿನಲ್ಲಿ ಕದಡಿ, ಮತ್ತೆ ಮತ್ತೆ ತೆಳುವಾಗಿಸಿ, ಅಂಬಲಿಯಂಥ ಆಹಾರದ ಮೇಲೆ ಹರಡುತ್ತಾರೆ. ಆ ಆಹಾರದಲ್ಲಿ ಸಾರಜನಕಕ್ಕೆಂದು ಇರುವುದು ಎಸಿಸಿ ಒಂದೇ. ಅದನ್ನು ತಿನ್ನಲು ಬಾರದವು ಉಪವಾಸ ಬೀಳುತ್ತವೆ, ಬಂದವು ಚುಕ್ಕೆ ಚುಕ್ಕೆಯಾಗಿ ಮೇಲೇಳುತ್ತವೆ. ಹೀಗೆ ಉಳಿದವುಗಳಲ್ಲಿ ಎಆರ್‌ವಿ8 ಎಂಬ ಅಕ್ರೊಮೊಬ್ಯಾಕ್ಟರ್ ತಳಿ ಎಲ್ಲರ ಕಣ್ಣು ಸೆಳೆಯಿತು. ಮಾಯಕ್, ಟಿರೋಶ್, ಗ್ಲಿಕ್ 2004ರಲ್ಲಿ ಪ್ರಕಟಿಸಿದ ಫಲಿತಾಂಶ ಇದು: ಲೀಟರಿಗೆ ಸುಮಾರು 10 ಗ್ರಾಂ ತನಕ ಉಪ್ಪು ಬೆರೆತ ನೀರಿನಲ್ಲಿ, ಅಂದರೆ ಸಮುದ್ರದ ನೀರಿನ ಕಾಲು ಪಾಲಿಗಿಂತ ಹೆಚ್ಚು ಉಪ್ಪಿನಲ್ಲಿ, ಈ ಜೀವಾಣು ಸೇರಿಸಿದ ಟೊಮೆಟೊ ಸಸಿಗಳು ಸೇರಿಸದವಕ್ಕಿಂತ ಹೆಚ್ಚು ತೂಗಿದವು. ಎಥಿಲೀನ್ ಇಳಿದಿತ್ತು.

ಇನ್ನೊಂದು ಸಾಲು ಆ ವರದಿಯಲ್ಲಿದೆ, ಅದನ್ನೇ ನಾನು ಹೊಲಗಳ ಬದುವಿನ ಮೇಲೆ ಬರೆಸಬೇಕೆನ್ನುವುದು. ಸಸಿಯೊಳಗಿನ ಸೋಡಿಯಂ ಕಡಿಮೆಯಾಗಿರಲಿಲ್ಲ. ಉಪ್ಪು ಇದ್ದಲ್ಲೇ ಇತ್ತು, ಗಿಡ ಬೆದರುವುದನ್ನು ಬಿಟ್ಟಿತ್ತು ಅಷ್ಟೇ. ಪೇಟೆಯಲ್ಲಿ ‘ಉಪ್ಪು ತಿನ್ನುವ ಬ್ಯಾಕ್ಟೀರಿಯಾ’ ಎಂದು ಬಾಟಲಿ ಹಿಡಿದು ಬರುವವರಿಗೆ ಇದನ್ನು ಓದಿ ಹೇಳಬೇಕು. ಸೋಡಿಯಂ ಒಂದು ಮೂಲಧಾತು. ಯಾವ ಜೀವಾಣುವೂ ಅದನ್ನು ತಿಂದು ಇಲ್ಲವಾಗಿಸುವುದಿಲ್ಲ.

ದಾರಿ ತೆರೆದ ಮೇಲೆ ಹುಡುಕಾಟ ಕಷ್ಟದ ಜಾಗಗಳಿಗೆ ತಿರುಗಿತು. ನಮ್ಮ ದೇಶದಲ್ಲಿ ಅದು ಬೇರೆ ಎಳೆ ಹಿಡಿದು ಆಗಲೇ ನಡೆದಿತ್ತು. ಅದೇ 2004ರಲ್ಲಿ ಚೆನ್ನೈನ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ಲೋಗನಾಥನ್ ಮತ್ತು ಸುಧಾ ನಾಯರ್, ಪಿಚ್ಚಾವರಂ ಕಾಂಡ್ಲಾ ಕಾಡಿನ ಕೆಸರಿನಲ್ಲಿ ಬೆಳೆಯುವ ಕಾಡುಭತ್ತದಿಂದ ಹೊಸ ಕುಲದ ಜೀವಾಣುವೊಂದನ್ನು ತೆಗೆದು ‘ಸ್ವಾಮಿನಾಥಾನಿಯ ಸ್ಯಾಲಿಟಾಲರನ್ಸ್’ ಎಂದು ಹೆಸರಿಟ್ಟರು. ಉಪ್ಪಿನಲ್ಲೂ ಸಾರಜನಕ ಹಿಡಿಯುತ್ತದೆ, ರಂಜಕ ಕರಗಿಸುತ್ತದೆ. ಗುಜರಾತಿನ ಭಾವನಗರದ ಕೇಂದ್ರೀಯ ಉಪ್ಪು ಮತ್ತು ಕಡಲ ರಸಾಯನಗಳ ಸಂಶೋಧನಾ ಸಂಸ್ಥೆಯ ಭವನಾಥ ಝಾ ಅವರ ತಂಡ, ಉಪ್ಪಳದಲ್ಲಿ ಎಲೆಯೇ ಇಲ್ಲದೆ ಗಂಟುಗಂಟಾಗಿ ಬೆಳೆಯುವ ಸ್ಯಾಲಿಕಾರ್ನಿಯದ ಬೇರಿನಿಂದ ತೆಗೆದದ್ದಕ್ಕೆ 2011ರಲ್ಲಿ ‘ಬ್ರಾಕಿಬ್ಯಾಕ್ಟೀರಿಯಂ ಸೌರಾಷ್ಟ್ರೆನ್ಸ್’ ಎಂಬ ಹೆಸರು ಬಂತು. ಮರುವರ್ಷ ಅದನ್ನೂ ಜೊತೆಯ ಇನ್ನೆರಡು ತಳಿಗಳನ್ನೂ ಶೇಂಗಾಕ್ಕೆ ಸೇರಿಸಿ, ಉಪ್ಪಿನಲ್ಲಿ ಗಿಡ ಚೇತರಿಸುವುದನ್ನು ತೋರಿಸಿದರು. ಸಿಹಿನೀರಿನ ಶೇಂಗಾ ಉಪ್ಪಳದ ಗೆಳೆಯನನ್ನು ಒಪ್ಪಿಕೊಂಡಿತು.

ಕತೆ ಇಲ್ಲಿಗೆ ನಿಂತಿದ್ದರೆ ಚೆಂದವಿರುತ್ತಿತ್ತು. ಆದರೆ ಸೌದಿ ಅರೇಬಿಯಾದ ಜಿಜಾನ್ ಕಡೆಯ ಮರಳಿನಲ್ಲಿ, ನಮ್ಮ ನೀಲಿ ಗಿಡದ ಕುಲಕ್ಕೇ ಸೇರಿದ ಗಿಡವೊಂದರ ಬೇರಿನೊಳಗೆ ಎಸ್‌ಎ187 ಎಂಬ ಎಂಟೆರೊಬ್ಯಾಕ್ಟರ್ ಸಿಕ್ಕಿತು. ಅದನ್ನು ಸೇರಿಸಿದ ಕುದುರೆ ಮೆಂತೆ ಉಪ್ಪುನೀರು ಹಾಯಿಸಿದ ಹೊಲದಲ್ಲೂ ಹೆಚ್ಚು ಇಳುವರಿ ಕೊಟ್ಟಿತು. ಹೇಗೆಂದು ಹೆರಿಬರ್ಟ್ ಹಿರ್ಟ್ ಅವರ ತಂಡ 2018ರಲ್ಲಿ ವಿವರಿಸಿದಾಗ ಹಳೆಯ ಚಿತ್ರ ತಲೆಕೆಳಗಾಯಿತು. ಈ ಜೀವಾಣು ಎಥಿಲೀನನ್ನು ಇಳಿಸುವುದಿಲ್ಲ. ತಾನೇ ಒಂದು ರಸ ತಯಾರಿಸಿ ಕೊಡುತ್ತದೆ, ಗಿಡ ಅದನ್ನು ಎಥಿಲೀನ್ ಮಾಡಿಕೊಂಡು, ಅದರ ಸಂಕೇತದಿಂದಲೇ ಉಪ್ಪಿಗೆ ಸಜ್ಜಾಗುತ್ತದೆ. ಒಬ್ಬ ಡಂಗುರ ನಿಲ್ಲಿಸಿ ಕಾಪಾಡುತ್ತಾನೆ, ಇನ್ನೊಬ್ಬ ಬಾರಿಸಿಯೇ ಕಾಪಾಡುತ್ತಾನೆ. ಎಷ್ಟು ಬಾರಿಸಬೇಕು, ಯಾವಾಗ ಬಾರಿಸಬೇಕು ಎಂಬುದರಲ್ಲಿ ಗುಟ್ಟಿದೆ ಎಂದು ನನ್ನ ಊಹೆ. ಹೊಲಕ್ಕೆ ಇದರ ಅರ್ಥ ಇಷ್ಟು: ಒಂದು ಬೆಳೆಗೆ, ಒಂದು ನೆಲಕ್ಕೆ ಒಗ್ಗಿದ ಜೀವಾಣು ಇನ್ನೊಂದಕ್ಕೆ ಒಗ್ಗೀತೆಂದು ಲೆಕ್ಕ ಹಾಕುವಂತಿಲ್ಲ.

ಕನ್ನಡ ನಾಡಿನ ಪಾಲೂ ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆರ್. ಉಮಾ ಶಂಕರ್ ಮತ್ತು ಸಂಗಡಿಗರು ಕೇರಳದ ಉಪ್ಪುನೀರಿನ ಪೊಕ್ಕಾಳಿ ಭತ್ತದೊಳಗೆ ವಾಸಿಸುವ ಶಿಲೀಂಧ್ರವೊಂದನ್ನು ತೆಗೆದು, ಉಪ್ಪು ತಾಳದ ಐಆರ್-64 ತಳಿಗೆ ಸೇರಿಸಿದರು. ಅದೂ ಉಪ್ಪು ತಾಳಿಕೊಂಡಿತು. 2020ರಲ್ಲಿ ಅದು ಪ್ರಕಟವಾಯಿತು. ಶಿಲೀಂಧ್ರ ಜೀವಾಣುವಲ್ಲ, ಆದರೆ ಉಪಾಯ ಅದೇ: ಉಪ್ಪಿನಲ್ಲಿ ಬದುಕುವ ಗಿಡವನ್ನು ಕೇಳು, ಯಾರನ್ನು ಜೊತೆಗಿಟ್ಟುಕೊಂಡಿದ್ದೀಯೆಂದು. ಕುಮಟಾದ ಮಾಣಿಕಟ್ಟೆ ಸುತ್ತಿನ ಗಜನಿಗಳಲ್ಲಿ, ಅಘನಾಶಿನಿಯ ಉಬ್ಬರದ ನೀರಿನಲ್ಲಿ ನಿಲ್ಲುವ ಕಗ್ಗ ಭತ್ತವನ್ನೂ ಹೀಗೆ ಕೇಳಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ತುಂಗಭದ್ರಾ ಅಚ್ಚುಕಟ್ಟಿನ ಸವಳನ್ನು ಅಭ್ಯಸಿಸುತ್ತ ಬಂದಿದೆ. ನಮಗೆ ಹತ್ತಿರದ ನವಲಗುಂದ ತಾಲ್ಲೂಕಿನ ಬೆಳವಟಗಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ನೀರು ನಿರ್ವಹಣಾ ಕೇಂದ್ರವಿದೆ. ಉತ್ತರ ಪ್ರದೇಶದ ಕ್ಷಾರ ನೆಲಗಳಿಗೆಂದು ಲಖನೌದಲ್ಲಿ ರೂಪಿಸಿದ ‘ಸಿಎಸ್‌ಆರ್-ಬಯೋ’ ಎಂಬ ಮಿಶ್ರಣದಲ್ಲಿ ಎರಡು ಬ್ಯಾಸಿಲಸ್ ಜೀವಾಣುಗಳೂ ಟ್ರೈಕೋಡರ್ಮಾ ಶಿಲೀಂಧ್ರವೂ ಕೂಡಿವೆ. ಅದು ರೈತರ ಕೈಗೂ ಹೋಗಿದೆ.

ಮತ್ತೆ ಬೆಳವಣಕಿಯ ಆ ಬಿಳಿ ತೇಪೆಗೆ ಬರೋಣ. ಬೋಳು ಅಂದೆ, ಪೂರ್ತಿ ಬೋಳಲ್ಲ. ಅಂಚಿನಲ್ಲಿ ಕರಕಿ ಹಬ್ಬಿರುತ್ತದೆ, ಬದುವಿಗೆ ಬಳ್ಳಾರಿ ಜಾಲಿ ನಿಂತಿರುತ್ತದೆ. ನಾವು ಕಿತ್ತು ಎಸೆಯುವ, ಕಡಿದು ಸುಡುವ ಇವು ಅರಾವದ ಮುಳ್ಳುಪೊದೆಗೆ ನಮ್ಮೂರಿನ ನೆಂಟರು. ನಮ್ಮ ಎರೆಗೆ ಒಗ್ಗುವ ಜೀವಾಣು ಬೇಕಿದ್ದರೆ ಮೊದಲು ಅಗೆಯಬೇಕಾದ ಬೇರು ಇವುಗಳದು.

ಅಲ್ಲಿಯ ತನಕ ಹೊಲದವರಿಗೆ ನನ್ನ ಮಾತು ಇಷ್ಟೇ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ತೋಯಿಸಿದ ಮಣ್ಣಿನಿಂದ ಹಿಂಡಿದ ನೀರಿನ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದನ್ನು ಲವಣ ಭೂಮಿ ಎನ್ನುತ್ತಾರೆ. ಹತ್ತಿ 7.7ರವರೆಗೂ ಇಳುವರಿ ಬಿಟ್ಟುಕೊಡದು. ಹೆಸರು, ಕಡಲೆ ಅಷ್ಟು ತಾಳುವುದಿಲ್ಲ. ಬಸಿಗಾಲುವೆಯ ಕೆಲಸವನ್ನು ಜೀವಾಣುವಿನ ತಲೆಗೆ ಕಟ್ಟಬೇಡಿ. ಜೀವಾಣು ಗೊಬ್ಬರ ತಂದರೆ ತಯಾರಾದ ತಾರೀಕು, ಮುಗಿಯುವ ತಾರೀಕು ನೋಡಿ, ಬಿಸಿಲಿಗೆ ಇಡಬೇಡಿ, ಬೆಲ್ಲದ ಪಾಕದಲ್ಲಿ ಕಲೆಸಿ ಬೀಜಕ್ಕೆ ಹಚ್ಚಿ ನೆರಳಿನಲ್ಲಿ ಆರಿಸಿ ಬಿತ್ತಿ. ಮತ್ತೆ, ವಾಟರ್ಲೂದಲ್ಲಿ ಮಾಡಿದ್ದನ್ನು ನೀವೂ ಮಾಡಿ: ಅದೇ ಹೊಲದಲ್ಲಿ, ಅದೇ ದಿನ, ಎರಡು ಸಾಲಿಗೆ ಏನೂ ಹಚ್ಚದ ಬೀಜ ಬಿತ್ತಿ, ಕೊನೆಗೊಂದು ಗೂಟ ಹುಗಿದಿಡಿ. ಸುಗ್ಗಿಯಲ್ಲಿ ಆ ಎರಡು ಸಾಲಿನ ರಾಶಿಯನ್ನು ಬೇರೆ ತೂಗಿ ನೋಡಿ.